ಇಂಟ್ ಸಾಲದ ಜಾಗಗಳು: ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮಿಂಗ್‌ನಲ್ಲಿ ಡೇಟಾ ಟೈಪ್ ಆರಿಸುವ ಸಮಗ್ರ ಮಾರ್ಗದರ್ಶಿ

ಫೈಲ್‌ಗಳನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ನಕಲು ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ಹಿಂದೆ ಬರೆದಿದ್ದೆ. ಫೈಲ್‌ನ ಗಾತ್ರವನ್ನು ಒಂದು ಇಂಟ್‌ನಲ್ಲಿ, ಅಂದರೆ ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ಸಾಮಾನ್ಯ ಟೈಪ್‌ನಲ್ಲಿ, ಇಟ್ಟಿದ್ದೆ. ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಒಂದು ದಿನ 3 ಜಿಬಿ ಫೈಲ್ ಬಂತು. ನಕಲು ಆಗಬೇಕಿದ್ದ ಕಡೆ ಸೊನ್ನೆ ಬೈಟ್‌ನ ಫೈಲ್ ಇತ್ತು. ಪ್ರೋಗ್ರಾಂ ಮಾತ್ರ ಎಲ್ಲ ಸರಿ ಅನ್ನುವ ಹಾಗೆ ಮುಗಿದಿತ್ತು. 3221225472 ಅನ್ನುವ ಸಂಖ್ಯೆ 32 ಬಿಟ್‌ನ ಇಂಟ್‌ಗೆ ಇಳಿದಾಗ ಮೈನಸ್ 1073741824 ಆಗಿಬಿಡುತ್ತದೆ. 'ನಕಲಾದದ್ದು ಗಾತ್ರಕ್ಕಿಂತ ಕಡಿಮೆ ಇರುವವರೆಗೆ ಓಡು' ಅಂತ ಬರೆದಿದ್ದ ಲೂಪ್ ಒಂದು ಸುತ್ತೂ ತಿರುಗಲಿಲ್ಲ.

ಇಂತಹ ತಪ್ಪನ್ನು ಕಂಪೈಲರ್ ತಾನಾಗಿ ಹಿಡಿಯುವುದಿಲ್ಲ. ಪರೀಕ್ಷೆಯಲ್ಲೂ ಕಾಣುವುದಿಲ್ಲ. ಸಂಖ್ಯೆ ದೊಡ್ಡದಾದ ದಿನ ಕಾಣುತ್ತದೆ. ಅದಕ್ಕೇ ಆಪರೇಟಿಂಗ್ ಸಿಸ್ಟಮ್ ಜೊತೆ ಮಾತಾಡುವ ಸಿ ಕೋಡ್ ಬರೆಯುವವರು ಟೈಪ್ ಆರಿಸುವುದನ್ನು ಮೊದಲ ದಿನದಿಂದಲೇ ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ನನ್ನ ನಂಬಿಕೆ. ನಾನು ಪಾಲಿಸುವ ನಿಯಮ ಇಷ್ಟೇ: ಪ್ರೋಗ್ರಾಂ ಒಳಗೆ ಇರುವಾಗ ಅರ್ಥ ನೋಡಿ ಟೈಪ್ ಆರಿಸಿ. ಡೇಟಾ ಪ್ರೋಗ್ರಾಂನ ಗಡಿ ದಾಟುವಾಗ ಅಳತೆ ನೋಡಿ ಆರಿಸಿ. ಕೆಳಗಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಟೈಪ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಅವು ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಇರುತ್ತವೆ. ಕೊನೆಯ '_ಟಿ' ಅಂದರೆ ಅಂಡರ್‌ಸ್ಕೋರ್ ಮತ್ತು ಟಿ ಅಕ್ಷರ, ಇದು ಟೈಪ್‌ನ ಹೆಸರು ಅನ್ನುವ ಗುರುತು.

ಹೆಜ್ಜೆ 1: ಮೊದಲು ನಿಮ್ಮ ಯಂತ್ರವನ್ನೇ ಕೇಳಿ

ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಚಾರ್, ಶಾರ್ಟ್, ಇಂಟ್, ಲಾಂಗ್, ಲಾಂಗ್ ಲಾಂಗ್, ಜೊತೆಗೆ ಮೆಮೊರಿಯ ವಿಳಾಸ ಹಿಡಿಯುವ ಒಂದು ಪಾಯಿಂಟರ್. ಪ್ರತಿಯೊಂದರ ಸೈಜ್‌ಆಫ್ ಬೆಲೆಯನ್ನು, ಅಂದರೆ ಅದು ಎಷ್ಟು ಬೈಟ್ ಅನ್ನುವುದನ್ನು, ಮುದ್ರಿಸಿ. 64 ಬಿಟ್ ಲಿನಕ್ಸ್‌ನಲ್ಲಿ 1, 2, 4, 8, 8, 8 ಬರುತ್ತದೆ. ಅದೇ ಕೋಡ್ ಅನ್ನು '-ಎಂ32' ಆಯ್ಕೆ ಕೊಟ್ಟು 32 ಬಿಟ್‌ಗೆ ಕಂಪೈಲ್ ಮಾಡಿ. ಲಾಂಗ್ ಮತ್ತು ಪಾಯಿಂಟರ್ ಎರಡೂ 4ಕ್ಕೆ ಇಳಿಯುತ್ತವೆ. 64 ಬಿಟ್ ವಿಂಡೋಸ್‌ನಲ್ಲಿ ಇನ್ನೊಂದು ಬಗೆ: ಪಾಯಿಂಟರ್ 8, ಆದರೆ ಲಾಂಗ್ 4.

ಈ ಮೂರು ಏರ್ಪಾಡುಗಳಿಗೂ ಹೆಸರಿದೆ. 32 ಬಿಟ್‌ನದ್ದು ಐಎಲ್‌ಪಿ32, ಲಿನಕ್ಸ್ ಮತ್ತು ಮ್ಯಾಕ್‌ನ 64 ಬಿಟ್‌ನದ್ದು ಎಲ್‌ಪಿ64, ವಿಂಡೋಸ್‌ನದ್ದು ಎಲ್‌ಎಲ್‌ಪಿ64. ಐ ಅಂದರೆ ಇಂಟ್, ಎಲ್ ಅಂದರೆ ಲಾಂಗ್, ಎಲ್‌ಎಲ್ ಅಂದರೆ ಲಾಂಗ್ ಲಾಂಗ್, ಪಿ ಅಂದರೆ ಪಾಯಿಂಟರ್. ಹೆಸರಲ್ಲಿ ಯಾವ ಅಕ್ಷರ ಇದೆಯೋ ಆ ಟೈಪ್ ಅಷ್ಟು ಬಿಟ್‌ನದ್ದು. ಇಷ್ಟು ತಿಳಿದರೆ 'ಪಾಯಿಂಟರ್ ಅನ್ನು ಲಾಂಗ್‌ನಲ್ಲಿ ಇಡಬಹುದು' ಅನ್ನುವ ಹಳೆಯ ಅಭ್ಯಾಸ ವಿಂಡೋಸ್‌ನಲ್ಲಿ ಯಾಕೆ ಮುರಿಯುತ್ತದೆ ಅಂತ ಅರ್ಥವಾಗುತ್ತದೆ. ಅಲ್ಲಿ ಅರ್ಧ ವಿಳಾಸ ಕತ್ತರಿಸಿ ಹೋಗುತ್ತದೆ. ಪಾಯಿಂಟರ್ ಅನ್ನು ಸಂಖ್ಯೆಯಾಗಿ ಹಿಡಿಯಲೇಬೇಕು ಅಂದರೆ ಯುಇಂಟ್‌ಪಿಟಿಆರ್_ಟಿ ಬಳಸಿ.

ಹಾಗಾದರೆ ಸಿ ಭಾಷೆ ಭರವಸೆ ಕೊಡುವುದು ಏನನ್ನು? ಕನಿಷ್ಠ ಅಳತೆಯನ್ನು ಮಾತ್ರ. ಇಂಟ್‌ಗೆ ಕನಿಷ್ಠ 16 ಬಿಟ್, ಲಾಂಗ್‌ಗೆ ಕನಿಷ್ಠ 32, ಲಾಂಗ್ ಲಾಂಗ್‌ಗೆ ಕನಿಷ್ಠ 64. ಇದರ ಬೇರು ಯೂನಿಕ್ಸ್‌ನ ಬಾಲ್ಯದಲ್ಲಿದೆ. ಸಿ ಹುಟ್ಟುವ ಮೊದಲು ಇದ್ದ ಬಿ ಭಾಷೆಯಲ್ಲಿ ಟೈಪ್‌ಗಳೇ ಇರಲಿಲ್ಲ, ಎಲ್ಲವೂ ಒಂದು ಪದದಷ್ಟು ಅಗಲ. ಬೈಟ್ ಬೈಟ್‌ಗೂ ವಿಳಾಸ ಇದ್ದ ಪಿಡಿಪಿ-11 ಯಂತ್ರಕ್ಕೆ ಅದು ಹೊಂದಲಿಲ್ಲ. ಹಾಗಾಗಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ಚಾರ್ ಮತ್ತು ಇಂಟ್ ಅನ್ನು ಬೇರೆ ಬೇರೆ ಮಾಡಿದರು. ಅಲ್ಲಿ ಇಂಟ್ 16 ಬಿಟ್. ಮುಂದೆ ಯೂನಿಕ್ಸ್ ಅನ್ನು 32 ಬಿಟ್‌ನ ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ದಾಗ ಇಂಟ್‌ನ ಅಗಲವೇ ಬದಲಾಯಿತು. ಒಂದೇ ಕೋಡ್ ಎರಡು ಕಡೆ ಓಡಬೇಕಾದರೆ ಅಳತೆಯನ್ನು ಟೈಪ್‌ಡೆಫ್‌ನ, ಅಂದರೆ ಟೈಪ್‌ಗೆ ಕೊಟ್ಟ ಇನ್ನೊಂದು ಹೆಸರಿನ, ಹಿಂದೆ ಮುಚ್ಚಿಡಬೇಕು. ಈಗ ನಾವು ನೋಡುವ '_ಟಿ' ಹೆಸರುಗಳ ಉಪಯೋಗ ಇದೇ.

ಹೆಜ್ಜೆ 2: ಸಂಖ್ಯೆ ಏನನ್ನು ಹೇಳುತ್ತದೆ ಅಂತ ಕೇಳಿ, ಹೆಸರು ತಾನಾಗಿ ಸಿಗುತ್ತದೆ

ಪಾಸಿಕ್ಸ್ ಅನ್ನುವ ಮಾನದಂಡ ಈ ಮೂಲ ಟೈಪ್‌ಗಳನ್ನು ಪಟ್ಟಿ ಮಾಡಿದೆ. ಪ್ರೊಸೆಸ್‌ನ ಗುರುತಿಗೆ ಪಿಐಡಿ_ಟಿ. ಬಳಕೆದಾರನಿಗೆ ಯುಐಡಿ_ಟಿ, ಗುಂಪಿಗೆ ಜಿಐಡಿ_ಟಿ. ಫೈಲ್‌ನ ಅನುಮತಿಗೆ ಮೋಡ್_ಟಿ, ಐನೋಡ್ ಸಂಖ್ಯೆಗೆ ಐನೋ_ಟಿ, ಡಿವೈಸ್‌ಗೆ ಡೆವ್_ಟಿ, ಲಿಂಕ್‌ಗಳ ಎಣಿಕೆಗೆ ಎನ್‌ಲಿಂಕ್_ಟಿ. ಫೈಲ್‌ನಲ್ಲಿ ಎಲ್ಲಿದ್ದೇವೆ ಅನ್ನುವುದಕ್ಕೆ ಆಫ್_ಟಿ, ಮೆಮೊರಿಯ ಗಾತ್ರಕ್ಕೆ ಸೈಜ್_ಟಿ, ಸಮಯಕ್ಕೆ ಟೈಮ್_ಟಿ.

ಇವನ್ನು ಬಾಯಿಪಾಠ ಮಾಡಬೇಕಿಲ್ಲ. ನೀವು ಕರೆಯುವ ಸಿಸ್ಟಮ್ ಕಾಲ್‌ನ (ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಕೇಳುವ ಕರೆ) ಮ್ಯಾನ್ ಪುಟ, ಅಂದರೆ ಕೈಪಿಡಿಯ ಪುಟ, ತೆರೆಯಿರಿ. ಅದು ಯಾವ ಟೈಪ್ ಕೊಡುತ್ತದೋ ಅದೇ ಟೈಪ್‌ನ ವೇರಿಯಬಲ್ ಇಟ್ಟುಕೊಳ್ಳಿ. ಬೇರೆ ಜಾಣತನ ಬೇಡ.

'ಲಿನಕ್ಸ್‌ನಲ್ಲಿ ಪಿಐಡಿ_ಟಿ ಕೊನೆಗೆ ಇಂಟೇ ತಾನೇ, ಸುಮ್ನೆ ಇಂಟ್ ಬರೆದರೆ ಏನಾಯ್ತು?' ಅಂತ ಕೇಳುವವರಿದ್ದಾರೆ. ಯುಐಡಿಯ ಕಥೆ ಇದಕ್ಕೆ ಉತ್ತರ. ಲಿನಕ್ಸ್ 2.4ರ ಮೊದಲು ಬಳಕೆದಾರನ ಸಂಖ್ಯೆ 16 ಬಿಟ್ ಇತ್ತು, ಗರಿಷ್ಠ 65535. ಆಮೇಲೆ ಅದು 32 ಬಿಟ್ ಆಯಿತು. ಯುಐಡಿ_ಟಿ ಅಂತ ಬರೆದಿದ್ದವರು ಮತ್ತೆ ಕಂಪೈಲ್ ಮಾಡಿದರೆ ಸಾಕಿತ್ತು. ಅನ್‌ಸೈನ್ಡ್ (ಮೈನಸ್ ಇಲ್ಲದ) ಶಾರ್ಟ್ ಅಂತ ಬರೆದ ಕೋಡ್‌ನಲ್ಲಿ ಏನಾಗುತ್ತದೆ ನೋಡಿ. 65536ನೇ ಬಳಕೆದಾರನ ಸಂಖ್ಯೆ 16 ಬಿಟ್‌ಗೆ ಇಳಿದರೆ ಸೊನ್ನೆ ಆಗುತ್ತದೆ. ಸೊನ್ನೆ ಅಂದರೆ ರೂಟ್. ಒಬ್ಬ ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾಗಿ ಕಾಣಿಸುತ್ತಾನೆ.

ಟೈಪ್ ಜೊತೆಗೆ ಅದರ ವಿಶೇಷ ಬೆಲೆಗಳನ್ನೂ ತಿಳಿದಿರಬೇಕು. ಯುಐಡಿ_ಟಿಯಲ್ಲಿ ಮೈನಸ್ 1 ಅಂದರೆ ಕೆಲವು ಸಿಸ್ಟಮ್ ಕಾಲ್‌ಗಳಿಗೆ 'ಇದನ್ನು ಬದಲಿಸಬೇಡ' ಅಂತ ಅರ್ಥ. ಆದೇಶವನ್ನು ಬೇರೆ ಬಳಕೆದಾರನಾಗಿ ಓಡಿಸುವ ಸುಡೋ ಪ್ರೋಗ್ರಾಂನಲ್ಲಿ 2019ರಲ್ಲಿ ಸಿಕ್ಕ ಭದ್ರತಾ ದೋಷ ಇದೇ. 'ರೂಟ್ ಒಬ್ಬನನ್ನು ಬಿಟ್ಟು ಯಾರಾದರೂ ಆಗಿ ಓಡಿಸಬಹುದು' ಅಂತ ನಿಯಮ ಇದ್ದ ಕಡೆ, ಬಳಕೆದಾರ ಸಂಖ್ಯೆಯಾಗಿ ಮೈನಸ್ 1 ಕೊಟ್ಟರೆ ಗುರುತು ಬದಲಾಗುತ್ತಲೇ ಇರಲಿಲ್ಲ. ಸುಡೋ ಆ ಹೊತ್ತಿಗೆ ರೂಟ್ ಆಗಿಯೇ ಓಡುತ್ತಿರುವುದರಿಂದ ಆದೇಶವೂ ರೂಟ್ ಆಗಿ ಓಡುತ್ತಿತ್ತು.

ಪಿಐಡಿ_ಟಿಯಲ್ಲೂ ಮೈನಸ್‌ಗೆ ಅರ್ಥವಿದೆ. ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ಸೋತರೆ ಮೈನಸ್ 1 ಕೊಡುತ್ತದೆ. ಅದನ್ನು ಪರೀಕ್ಷಿಸದೆ ಇಟ್ಟುಕೊಂಡು, ಆಮೇಲೆ ಪ್ರೊಸೆಸ್ ನಿಲ್ಲಿಸುವ ಸಂಕೇತ ಕಳಿಸಲು ಅದೇ ಸಂಖ್ಯೆಗೆ ಕಿಲ್ ಕರೆದರೆ? ಕಿಲ್‌ಗೆ ಮೈನಸ್ 1 ಅಂದರೆ 'ನನಗೆ ಅನುಮತಿ ಇರುವ ಎಲ್ಲ ಪ್ರೊಸೆಸ್‌ಗಳಿಗೂ ಕಳಿಸು' ಅಂತ. ಆ ಬಳಕೆದಾರನ ಕೆಲಸವೆಲ್ಲ ಒಟ್ಟಿಗೆ ಸಾಯುತ್ತದೆ. ಫೋರ್ಕ್ ಆದ ತಕ್ಷಣದ ಸಾಲಿನಲ್ಲೇ ಈ ಪರೀಕ್ಷೆ ಬರೆದುಬಿಡಿ.

ಮೋಡ್_ಟಿಯಲ್ಲಿ ಎಚ್ಚರ ಬೇಕಾದದ್ದು ಮುಂದಿನ ಸೊನ್ನೆಗೆ. 0644 ಅಂದರೆ ಆಕ್ಟಲ್, ಎಂಟರ ಆಧಾರದ ಸಂಖ್ಯೆ. ಸೊನ್ನೆ ಮರೆತು 644 ಅಂತ ಬರೆದರೆ ಅದು ಆಕ್ಟಲ್‌ನಲ್ಲಿ 1204 ಆಗುತ್ತದೆ. ಒಡೆಯನಿಗೆ ಬರೆಯಲು ಮಾತ್ರ ಅನುಮತಿ, ಗುಂಪಿಗೆ ಏನೂ ಇಲ್ಲ, ಉಳಿದವರಿಗೆಲ್ಲ ಓದಲು ಅನುಮತಿ!

ಥ್ರೆಡ್‌ನ ಪಿಥ್ರೆಡ್_ಟಿ ಮಾತ್ರ ಒಂದು ಮುಚ್ಚಿದ ಡಬ್ಬಿ. ಲಿನಕ್ಸ್‌ನಲ್ಲಿ ಅದು ಸಂಖ್ಯೆ, ಮ್ಯಾಕ್‌ನಲ್ಲಿ ಪಾಯಿಂಟರ್. ಎರಡು ಥ್ರೆಡ್ ಒಂದೇನಾ ಅಂತ ನೋಡಲು ಪಿಥ್ರೆಡ್_ಈಕ್ವಲ್ ಕರೆಯಿರಿ, ಸಮ ಚಿಹ್ನೆ ಹಾಕಬೇಡಿ.

ಹೆಜ್ಜೆ 3: ಸೈಜ್_ಟಿ, ಎಸ್‌ಸೈಜ್_ಟಿ, ಆಫ್_ಟಿ. ಇಲ್ಲಿ ನಿಧಾನವಾಗಿ ಓದಿ

ಜಾಸ್ತಿ ತಪ್ಪುಗಳು ನಡೆಯುವುದು ಈ ಮೂರರ ಸುತ್ತ. ಮೂರೂ 'ಎಷ್ಟು ಬೈಟ್' ಅಂತಲೇ ಹೇಳುತ್ತವೆ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಸೈಜ್_ಟಿ ಮೆಮೊರಿಯಲ್ಲಿನ ಗಾತ್ರ. ಅನ್‌ಸೈನ್ಡ್, ಮೈನಸ್ ಇಲ್ಲ. ಎಸ್‌ಸೈಜ್_ಟಿ ಅಂದರೆ 'ಗಾತ್ರ, ಇಲ್ಲವೇ ಸೋತೆ ಅನ್ನುವ ಮೈನಸ್ 1'. ಫೈಲ್ ಓದುವ ರೀಡ್ ಮತ್ತು ಬರೆಯುವ ರೈಟ್ ಕೊಡುವುದು ಇದನ್ನು. ಆಫ್_ಟಿ ಫೈಲ್‌ನಲ್ಲಿನ ಜಾಗ. ಆ ಜಾಗ ಬದಲಿಸುವ ಎಲ್‌ಸೀಕ್‌ನಲ್ಲಿ ಹಿಂದಕ್ಕೂ ಹೋಗಬಹುದಲ್ವಾ, ಹಾಗಾಗಿ ಅದು ಸೈನ್ಡ್, ಮೈನಸ್ ಹಿಡಿಯುತ್ತದೆ.

ಈಗ ಒಂದು ತಪ್ಪನ್ನು ಬೇಕಂತಲೇ ಮಾಡಿ ನೋಡೋಣ. ರೀಡ್ ಕೊಟ್ಟ ಉತ್ತರವನ್ನು ಸೈಜ್_ಟಿಯಲ್ಲಿ ಇಡಿ. 'ಇದು ಸೊನ್ನೆಗಿಂತ ಕಡಿಮೆಯೇ?' ಅಂತ ಪರೀಕ್ಷಿಸಿ. ಆ ಪರೀಕ್ಷೆ ಎಂದೂ ನಿಜವಾಗುವುದಿಲ್ಲ. ಮೈನಸ್ 1 ಅಲ್ಲಿ 18446744073709551615 ಆಗಿ ಕೂತಿರುತ್ತದೆ. ಮುಂದೆ ಅಷ್ಟು ಬೈಟ್ ಮುಗಿಯುವವರೆಗೆ ತುಣುಕು ತುಣುಕಾಗಿ ಬರೆಯುವ ಲೂಪ್ ಇದ್ದರೆ, ಬಫರ್‌ನ (ಡೇಟಾ ಇಟ್ಟ ಮೆಮೊರಿಯ) ಆಚೆ ಇರುವ ಮೆಮೊರಿಯೂ ಫೈಲ್‌ಗೆ ಸೇರಬಹುದು. ಅಲ್ಲಿ ಯಾವ ಪಾಸ್‌ವರ್ಡ್ ಇತ್ತೋ ಯಾರಿಗೆ ಗೊತ್ತು.

ಸೈನ್ಡ್ ಮತ್ತು ಅನ್‌ಸೈನ್ಡ್ ಅನ್ನು ಹೋಲಿಸುವಾಗಲೂ ಇದೇ ಅಪಾಯ. ಇಂಟ್‌ನ ಮೈನಸ್ 1 ಅನ್ನು ಸೈಜ್‌ಆಫ್ ಬೆಲೆಯ ಜೊತೆ ಹೋಲಿಸಿದರೆ, ಮೈನಸ್ 1 ದೊಡ್ಡದು ಅಂತ ಸಿ ಹೇಳುತ್ತದೆ. ಹೋಲಿಸುವ ಮೊದಲು ಅದನ್ನು ಅನ್‌ಸೈನ್ಡ್ ಮಾಡಿಕೊಳ್ಳುವುದೇ ಕಾರಣ. ದೊಡ್ಡ ಸಂಖ್ಯೆಯಿಂದ ಸೊನ್ನೆಯ ಕಡೆಗೆ ಇಳಿಯುತ್ತಾ ಎಣಿಸುವ ಲೂಪ್‌ನಲ್ಲಿ ಸೈಜ್_ಟಿ ಇಟ್ಟು 'ಸೊನ್ನೆ ಅಥವಾ ಹೆಚ್ಚು ಇರುವವರೆಗೆ' ಅಂತ ಬರೆದರೆ ಆ ಲೂಪ್ ನಿಲ್ಲುವುದೇ ಇಲ್ಲ. ಕ್ರಮ ಹೀಗಿರಲಿ: ಉತ್ತರವನ್ನು ಎಸ್‌ಸೈಜ್_ಟಿಯಲ್ಲಿ ತೆಗೆದುಕೊಳ್ಳಿ, ಮೈನಸ್ ಇದೆಯೇ ನೋಡಿ, ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಸೈಜ್_ಟಿಗೆ ಬದಲಿಸಿ.

ರೀಡ್ ಮತ್ತು ರೈಟ್ ಕೇಳಿದಷ್ಟನ್ನೂ ಒಂದೇ ಸಲ ಕೊಡುತ್ತವೆ ಅಂತ ನಂಬಬೇಡಿ. ಲಿನಕ್ಸ್‌ನಲ್ಲಿ ಒಂದು ಕರೆಗೆ 2147479552 ಬೈಟ್ ಮಿತಿ ಇದೆ. ಅದು 64 ಬಿಟ್ ಯಂತ್ರದಲ್ಲೂ ಹಾಗೆಯೇ. ಲೂಪ್ ಬೇಕೇ ಬೇಕು.

ಗುಣಾಕಾರದ ಬಗ್ಗೆ ಒಂದು ಮಾತು. 'ಎಣಿಕೆ ಗುಣಿಸು ಒಂದರ ಗಾತ್ರ' ಅಂತ ಲೆಕ್ಕ ಹಾಕಿ, ಮೆಮೊರಿ ಕೊಡುವ ಮ್ಯಾಲಕ್‌ಗೆ ಕೊಡುವಾಗ ಉತ್ತರ ಉಕ್ಕಿದರೆ, ಅಂದರೆ ಟೈಪ್‌ನ ಮಿತಿ ದಾಟಿದರೆ, ಚಿಕ್ಕ ಬಫರ್ ಸಿಗುತ್ತದೆ, ಲೂಪ್ ಮಾತ್ರ ದೊಡ್ಡ ಎಣಿಕೆಯವರೆಗೆ ಬರೆಯುತ್ತದೆ. ಎಣಿಕೆ ಹೊರಗಿನಿಂದ ಬಂದಿದ್ದರೆ ಇದು ದಾಳಿಗೆ ತೆರೆದ ಬಾಗಿಲು. ಕ್ಯಾಲಕ್ ಬಳಸಿ, ಅದು ಗುಣಾಕಾರ ಉಕ್ಕುತ್ತದೆಯೇ ಅಂತ ತಾನೇ ನೋಡಿಕೊಳ್ಳುತ್ತದೆ. ಬೇರೆ ಲೆಕ್ಕಗಳಿಗೆ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ಉಕ್ಕಿದ್ದನ್ನು ತಿಳಿಸುವ ಬಿಲ್ಟಿನ್‌ಗಳಿವೆ. ಸಿ23ರಲ್ಲಿ ಭಾಷೆಗೇ ಅಂಥವು ಬಂದಿವೆ.

32 ಬಿಟ್ ಲಿನಕ್ಸ್‌ಗೆ ಕಂಪೈಲ್ ಮಾಡುವುದಿದ್ದರೆ ಆಫ್_ಟಿ ಅಲ್ಲಿ 32 ಬಿಟ್ ಇರಬಹುದು. ಆಗ 2 ಜಿಬಿ ದಾಟಿದ ಫೈಲ್ ತೆರೆದರೆ ಇಓವರ್‌ಫ್ಲೋ ಅನ್ನುವ ದೋಷ ಬರುತ್ತದೆ. '_ಫೈಲ್_ಆಫ್‌ಸೆಟ್_ಬಿಟ್ಸ್' ಅನ್ನುವ ಮ್ಯಾಕ್ರೋಗೆ 64 ಕೊಟ್ಟರೆ ಸರಿಹೋಗುತ್ತದೆ. ಇದನ್ನು ಫೈಲ್‌ನ ಒಳಗೆ ಬರೆಯುವ ಬದಲು ಮೇಕ್‌ಫೈಲ್‌ನಲ್ಲಿ ಕೊಡಿ. ಒಂದು ಫೈಲ್‌ನಲ್ಲಿ 64, ಇನ್ನೊಂದರಲ್ಲಿ 32 ಆಗಿ ಎರಡೂ ಒಂದೇ ಸ್ಟ್ರಕ್ಟ್ (ಹಲವು ಫೀಲ್ಡ್‌ಗಳ ಕಟ್ಟು) ಹಂಚಿಕೊಂಡರೆ ಆಗುವ ಅವಾಂತರ ಹುಡುಕಲು ದಿನಗಟ್ಟಲೆ ಬೇಕು.

ಸಾಕೆಟ್ ಕಡೆಯ ಸಾಕ್‌ಲೆನ್_ಟಿ ಹುಟ್ಟಿದ್ದೂ ಅಗಲದ ಜಗಳದಿಂದಲೇ. ಬಂದ ಸಂಪರ್ಕವನ್ನು ಒಪ್ಪಿಕೊಳ್ಳುವ ಆಕ್ಸೆಪ್ಟ್‌ನ ಮೂರನೇ ಆರ್ಗ್ಯುಮೆಂಟ್ ಮೊದಲು ಇಂಟ್‌ಗೆ ಪಾಯಿಂಟರ್ ಆಗಿತ್ತು. ಪಾಸಿಕ್ಸ್‌ನ ಕರಡಿನಲ್ಲಿ ಅದನ್ನು ಸೈಜ್_ಟಿ ಮಾಡಿದರು. 64 ಬಿಟ್‌ನಲ್ಲಿ ಒಂದು 4 ಬೈಟ್, ಇನ್ನೊಂದು 8. ಬೆಲೆ ಕೊಡುವಾಗ ಕಂಪೈಲರ್ ಅಗಲ ಸರಿಮಾಡಿಕೊಳ್ಳುತ್ತದೆ, ಪಾಯಿಂಟರ್ ಕೊಡುವಾಗ ಹಾಗೆ ಮಾಡಲು ಬರುವುದಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಸೇರಿ ಹಲವರು ವಿರೋಧಿಸಿದ ಮೇಲೆ ಹೊಸ ಹೆಸರೇ ಬಂತು. ಪಾಯಿಂಟರ್ ದಾಟಿಸುವ ಕಡೆಯಲ್ಲೆಲ್ಲ ಟೈಪ್ ಅಚ್ಚುಕಟ್ಟಾಗಿ ಅದೇ ಇರಬೇಕು.

ಹೆಜ್ಜೆ 4: ಸಮಯ

32 ಬಿಟ್‌ನ ಸೈನ್ಡ್ ಟೈಮ್_ಟಿ 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತಾ ಬಂದು 2038ರ ಜನವರಿ 19ರಂದು, ಯುಟಿಸಿ 03:14:07ಕ್ಕೆ 2147483647 ಮುಟ್ಟುತ್ತದೆ. ಮುಂದಿನ ಸೆಕೆಂಡ್‌ಗೆ ಅದರಲ್ಲಿ ಜಾಗವಿಲ್ಲ. 64 ಬಿಟ್ ಲಿನಕ್ಸ್‌ನಲ್ಲಿ ಈ ತೊಂದರೆ ಇಲ್ಲ. 32 ಬಿಟ್ ಯಂತ್ರಗಳಿಗೆ ಬೇಕಾದ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸ 2020ರ ಲಿನಕ್ಸ್ 5.6ರಲ್ಲಿ ಸಿದ್ಧವಾಯಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ 2021ರ 2.34ರಿಂದ '_ಟೈಮ್_ಬಿಟ್ಸ್' ಮ್ಯಾಕ್ರೋಗೆ 64 ಕೊಡಬಹುದು. ಅದರ ಜೊತೆ ಮೇಲೆ ಹೇಳಿದ ಆಫ್‌ಸೆಟ್ ಮ್ಯಾಕ್ರೋ ಕೂಡ ಇರಬೇಕು. ಆದರೆ ನೀವೇ ಟೈಮ್_ಟಿಯನ್ನು ಇಂಟ್‌ಗೆ ಇಳಿಸಿ ಫೈಲ್‌ಗೆ ಬರೆದಿದ್ದರೆ ಇದ್ಯಾವುದೂ ಕಾಪಾಡುವುದಿಲ್ಲ. ಇವತ್ತೇ ನಿಮ್ಮ ಕೋಡ್‌ನಲ್ಲಿ ಹುಡುಕಿ.

ಎಷ್ಟು ಹೊತ್ತಾಯಿತು ಅಂತ ಅಳೆಯಲು ಗೋಡೆ ಗಡಿಯಾರ ಬೇಡ, ಅದನ್ನು ಯಾರಾದರೂ ಹಿಂದಕ್ಕೆ ತಿರುಗಿಸಬಹುದು. ಕ್ಲಾಕ್_ಮೊನೊಟಾನಿಕ್ ಬಳಸಿ, ಉತ್ತರ ಟೈಮ್‌ಸ್ಪೆಕ್ ಸ್ಟ್ರಕ್ಟ್‌ನಲ್ಲಿ ಬರುತ್ತದೆ.

ಮಿಲಿಸೆಕೆಂಡ್ ಎಣಿಸುವ 32 ಬಿಟ್ ಕೌಂಟರ್ 49.7 ದಿನಕ್ಕೆ ಸುತ್ತು ಹೊಡೆಯುತ್ತದೆ. ವಿಂಡೋಸ್ 95 ಮತ್ತು 98 ಅಷ್ಟು ದಿನ ನಿಲ್ಲದೆ ಓಡಿದರೆ ಸ್ತಬ್ಧವಾಗುತ್ತಿದ್ದುದು ಇದರಿಂದಲೇ. ಇಂಥ ಕೌಂಟರ್ ಬೆಲೆಗಳನ್ನು ನೇರವಾಗಿ ಹೋಲಿಸಬೇಡಿ. ಅನ್‌ಸೈನ್ಡ್ ಆಗಿಯೇ ಕಳೆಯಿರಿ, ವ್ಯತ್ಯಾಸವನ್ನು ಸೈನ್ಡ್ ಮಾಡಿ ಅದು ಮೈನಸ್ಸೇ ಅಂತ ನೋಡಿ. ಕರ್ನಲ್‌ನ ಟೈಮ್_ಆಫ್ಟರ್ ಮ್ಯಾಕ್ರೋ ಮಾಡುವುದು ಇದನ್ನೇ. ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಕರ್ನಲ್ ಗಡಿಯಾರದ ಮಿಡಿತ ಎಣಿಸುವ ಲಿನಕ್ಸ್‌ನ ಜಿಫೀಸ್ ಕೌಂಟರ್ ಸೊನ್ನೆಯಿಂದ ಶುರುವಾಗುವುದಿಲ್ಲ. ಯಂತ್ರ ಏಳುವ ಹೊತ್ತಿಗೇ, ಇನ್ನು 5 ನಿಮಿಷಕ್ಕೆ ಅದರ ಕೆಳಗಿನ 32 ಬಿಟ್ ಸುತ್ತು ಹೊಡೆಯುವ ಹಾಗೆ ಇಟ್ಟಿರುತ್ತಾರೆ. ವಾರಗಟ್ಟಲೆ ಕಾಯಬೇಕಾದ ದೋಷ ಡ್ರೈವರ್ ಬರೆದವನ ಮೇಜಿನ ಮೇಲೆಯೇ ಸಿಕ್ಕಿಬೀಳಲಿ ಅಂತ.

ಹೆಜ್ಜೆ 5: ಗಡಿ ದಾಟುವಾಗ ಅಳತೆ ಗಟ್ಟಿ ಮಾಡಿ

ಡಿಸ್ಕ್‌ಗೆ ಬರೆಯುವ ಫಾರ್ಮ್ಯಾಟ್, ನೆಟ್‌ವರ್ಕ್ ಪ್ಯಾಕೆಟ್, ಕರ್ನಲ್‌ಗೆ ಐಓಕಂಟ್ರೋಲ್ ಮೂಲಕ ಕಳಿಸುವ ಸ್ಟ್ರಕ್ಟ್. ಈ ಮೂರೂ ಗಡಿಗಳು. ಆ ಕಡೆ ಇರುವವರು ಬೇರೆ ಅಳತೆಯ ಯಂತ್ರ ಆಗಿರಬಹುದು. ಇಲ್ಲಿ ಟೈಮ್_ಟಿ, ಲಾಂಗ್, ಪಾಯಿಂಟರ್ ಯಾವುದೂ ಬೇಡ. ಯುಇಂಟ್32_ಟಿ, ಇಂಟ್64_ಟಿ ತರಹದ ನಿಗದಿ ಅಳತೆಯವು ಬೇಕು.

ಅಳತೆ ನಿಗದಿ ಮಾಡಿದರೂ ಎರಡು ಕೆಲಸ ಉಳಿಯುತ್ತವೆ. ಒಂದು, ಬೈಟ್‌ಗಳ ಕ್ರಮ. 80ನೇ ಪೋರ್ಟ್ ಅನ್ನು ಎಚ್‌ಟುಎನ್‌ಎಸ್ ಮೂಲಕ ತಿರುಗಿಸದೆ ಇಂಟೆಲ್ ಯಂತ್ರದಿಂದ ಕೊಟ್ಟರೆ ಅದು 20480ನೇ ಪೋರ್ಟ್ ಆಗುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೂ ಲಿಟಲ್ ಎಂಡಿಯನ್ನೋ (ಕಿರಿಯ ಬೈಟ್ ಮೊದಲು) ಬಿಗ್ ಎಂಡಿಯನ್ನೋ (ಹಿರಿಯ ಬೈಟ್ ಮೊದಲು) ಮೊದಲೇ ತೀರ್ಮಾನಿಸಿ ಬರೆದಿಡಿ.

ಎರಡು, ನಡುವಿನ ಖಾಲಿ ಜಾಗ. 32 ಬಿಟ್‌ನ ಒಂದು ಫೀಲ್ಡ್, ಅದರ ನಂತರ 64 ಬಿಟ್‌ನ ಒಂದು ಫೀಲ್ಡ್ ಇರುವ ಸ್ಟ್ರಕ್ಟ್ ತೆಗೆದುಕೊಳ್ಳಿ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಅದು 16 ಬೈಟ್, 32 ಬಿಟ್‌ನಲ್ಲಿ 12 ಬೈಟ್. ಟೈಪ್‌ಗಳ ಅಳತೆ ಒಂದೇ, ಆದರೂ ಒಟ್ಟು ಬೇರೆ! ದೊಡ್ಡ ಫೀಲ್ಡ್‌ಗಳನ್ನು ಮೊದಲು ಇಡಿ. ಖಾಲಿ ಉಳಿಯುವ ಜಾಗಕ್ಕೆ ನೀವೇ ಒಂದು ಫೀಲ್ಡ್ ಹೆಸರಿಸಿ, ಅದಕ್ಕೆ ಸೊನ್ನೆ ತುಂಬಿ. ತುಂಬದಿದ್ದರೆ ಅಲ್ಲಿದ್ದ ಹಳೆಯ ಮೆಮೊರಿ ಹೊರಗೆ ಸೋರುತ್ತದೆ. ಕೊನೆಗೆ ಸ್ಟ್ಯಾಟಿಕ್ ಅಸರ್ಟ್ ಹಾಕಿ 'ಈ ಸ್ಟ್ರಕ್ಟ್ ಇಷ್ಟೇ ಬೈಟ್' ಅಂತ ಕಂಪೈಲರ್‌ನಿಂದಲೇ ಖಾತ್ರಿ ಮಾಡಿಸಿ.

ಹೆಜ್ಜೆ 6: ಮುದ್ರಿಸುವುದು

ಇದು ಚಿಕ್ಕದು. ಪ್ರಿಂಟ್‌ಎಫ್‌ನಲ್ಲಿ ಸೈಜ್_ಟಿಗೆ ಶೇಕಡಾ ಚಿಹ್ನೆಯ ನಂತರ ಝಡ್ ಮತ್ತು ಯು ಬರೆಯಿರಿ. ಆಫ್_ಟಿ, ಪಿಐಡಿ_ಟಿ ಮುಂತಾದ ಅಗಲ ಗೊತ್ತಿಲ್ಲದ ಸೈನ್ಡ್ ಟೈಪ್‌ಗಳನ್ನು ಇಂಟ್‌ಮ್ಯಾಕ್ಸ್_ಟಿಗೆ ಕಾಸ್ಟ್ ಮಾಡಿ, ಜೆ ಮತ್ತು ಡಿ ಬಳಸಿ. ಅನ್‌ಸೈನ್ಡ್‌ಗೆ ಯುಇಂಟ್‌ಮ್ಯಾಕ್ಸ್_ಟಿ, ಜೆ ಮತ್ತು ಯು. ಇವು ಸಿ99ರಿಂದಲೂ ಇವೆ.

ಹೆಜ್ಜೆ 7: ಕರ್ನಲ್ ಒಳಗೆ ಹೋದರೆ

ಅಲ್ಲಿ ಹೆಸರುಗಳು ಇನ್ನೂ ಚಿಕ್ಕವು: ಯು8, ಯು32, ಎಸ್64. ಪ್ರೋಗ್ರಾಂಗಳಿಗೂ ಕಾಣುವ ಹೆಡರ್‌ನಲ್ಲಿ ಅವುಗಳ ಮುಂದೆ ಎರಡು ಅಂಡರ್‌ಸ್ಕೋರ್ ಸೇರಿಸಬೇಕು. ಬೈಟ್ ಕ್ರಮವನ್ನೂ ಹೆಸರಲ್ಲೇ ಹೇಳುವ __ಎಲ್‌ಇ32, __ಬಿಇ32 ಟೈಪ್‌ಗಳಿವೆ. ತಿರುಗಿಸುವುದನ್ನು ಮರೆತರೆ ಸ್ಪಾರ್ಸ್ ಅನ್ನುವ ಉಪಕರಣ ತೋರಿಸುತ್ತದೆ.

ವಿಳಾಸಗಳಲ್ಲಿ ಎಡವಬೇಡಿ. ಭೌತಿಕ ವಿಳಾಸಕ್ಕೆ ಫಿಸ್_ಆಡ್ರ್_ಟಿ ಇದೆ. 32 ಬಿಟ್ ಇಂಟೆಲ್‌ನಲ್ಲಿ, 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲು ಬಿಡುವ ಪಿಎಇ ಬಳಸಿದರೆ ಪಾಯಿಂಟರ್ 32 ಬಿಟ್, ಭೌತಿಕ ವಿಳಾಸ 36 ಬಿಟ್. ಅನ್‌ಸೈನ್ಡ್ ಲಾಂಗ್‌ನಲ್ಲಿ ಇಟ್ಟರೆ 4 ಜಿಬಿ ಮೇಲಿನ ಮೆಮೊರಿಯ ವಿಳಾಸ ಕತ್ತರಿಸಿಹೋಗುತ್ತದೆ.

ಬರಿ ಚಾರ್ ಸೈನ್ಡೋ ಅನ್‌ಸೈನ್ಡೋ ಅನ್ನುವುದು ಯಂತ್ರದ ಮೇಲೆ ಹೋಗುತ್ತದೆ. ಇಂಟೆಲ್ ಲಿನಕ್ಸ್‌ನಲ್ಲಿ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಲಿನಕ್ಸ್ 6.2ರಿಂದ ಕರ್ನಲ್ ಎಲ್ಲ ಕಡೆಯೂ ಚಾರ್ ಅನ್ನು ಅನ್‌ಸೈನ್ಡ್ ಆಗಿ ಕಂಪೈಲ್ ಮಾಡುತ್ತದೆ. ನಿಮ್ಮ ಪ್ರೋಗ್ರಾಂಗಳಲ್ಲಿ ಚಾರ್ ಅಕ್ಷರಕ್ಕೆ ಮಾತ್ರ ಇರಲಿ, ಲೆಕ್ಕಕ್ಕೆ ಬೇಡ.

ಹೆಜ್ಜೆ 8: ಪರೀಕ್ಷೆ

ಕಂಪೈಲರ್‌ಗೆ '-ವಾಲ್' ಸಾಲದು. ಡಬ್ಲ್ಯು ಜೊತೆ ಕನ್ವರ್ಶನ್ ಮತ್ತು ಸೈನ್-ಕಂಪೇರ್ ಎಚ್ಚರಿಕೆಗಳನ್ನೂ ತೆರೆಯಿರಿ. ಹಳೆಯ ಕೋಡ್‌ನಲ್ಲಿ ನೂರಾರು ಸಾಲು ಬರುತ್ತವೆ, ಹೆದರಬೇಡಿ. ಗಾತ್ರ, ಸಮಯ, ಬಳಕೆದಾರ ಸಂಖ್ಯೆ ಇರುವ ಸಾಲುಗಳನ್ನು ಮೊದಲು ನೋಡಿ. ಸೈನ್ಡ್ ಲೆಕ್ಕ ಉಕ್ಕುವುದನ್ನು ಹಿಡಿಯಲು ಅನ್‌ಡಿಫೈನ್ಡ್ ಸ್ಯಾನಿಟೈಜರ್ ಹಾಕಿ ಓಡಿಸಿ. ಆದರೆ ಅದು ನನ್ನ ಹಳೆಯ ತಪ್ಪನ್ನು ಹಿಡಿಯುತ್ತಿರಲಿಲ್ಲ. ದೊಡ್ಡ ಟೈಪ್ ಚಿಕ್ಕದಕ್ಕೆ ಇಳಿದಾಗ ಅದು ಸುಮ್ಮನಿರುತ್ತದೆ. ಅಲ್ಲಿ ಕನ್ವರ್ಶನ್ ಎಚ್ಚರಿಕೆಯೇ ಬೇಕು.

ಕೊನೆಗೆ ಟ್ರಂಕೇಟ್ ಆದೇಶದಿಂದ 5 ಜಿಬಿಯ ಖಾಲಿ ಫೈಲ್ ಮಾಡಿ. ಹೆಚ್ಚಿನ ಫೈಲ್ ಸಿಸ್ಟಮ್‌ಗಳಲ್ಲಿ ಅದು ಡಿಸ್ಕ್‌ನಲ್ಲಿ ನಿಜವಾದ ಜಾಗ ಹಿಡಿಯುವುದಿಲ್ಲ. ಗಾತ್ರ ಮುದ್ರಿಸಲು ನಿಮ್ಮ ಪ್ರೋಗ್ರಾಂಗೆ ಅದನ್ನು ಕೊಡಿ. 5368709120 ಬಂದರೆ ಸರಿ. 1073741824 ಬಂದರೆ, ಫೈಲ್‌ನ ಗಾತ್ರ ಹೇಳುವ ಸ್ಟಾಟ್‌ನಿಂದ ಪ್ರಿಂಟ್‌ಎಫ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಇಂಟ್ ಇನ್ನೂ ಕೂತಿದೆ.